ಆರುನೂರರ ಅಂಕಪಟ್ಟಿ, ಆರುನೂರ ಇಪ್ಪತ್ತೈದರ ಚಾರ್ಟು

ಹೋದ ತಿಂಗಳು ನಮ್ಮ ಕಾಲೇಜಿನ ಆಫೀಸಿಗೆ ಹೊಸದಾಗಿ ಸೇರಿದ ದೀಪಾ ಎಂಬ ಹುಡುಗಿ ಫೋನ್ ಮಾಡಿದ್ದಳು. "ಮೇಡಂ, ಇಬ್ಬರಿಗೆ ಒಂದೇ ಪರ್ಸೆಂಟೇಜ್ ಬಂದಿದೆ. ಸೀಟು ಒಂದೇ ಉಳಿದಿದೆ. ನಿಮ್ಮ ಕಾಲದಲ್ಲಿ ಏನ್ಮಾಡ್ತಿದ್ರಿ?" ಎಂದು ಕೇಳಿದಳು.

"ಮೊದಲು ಲೆಕ್ಕದ ಅಂಕ ನೋಡು. ಅದೂ ಸಮ ಬಂದ್ರೆ ಸೈನ್ಸ್ ನೋಡು. ಅದೂ ಸಮ ಇದ್ರೆ ವಯಸ್ಸಲ್ಲಿ ದೊಡ್ಡವರಿಗೆ ಕೊಡು" ಎಂದೆ.

"ದೊಡ್ಡವರಿಗೆ ಯಾಕೆ ಮೇಡಂ?"

"ಅವರಿಗೆ ಕಾಯೋಕೆ ಟೈಮ್ ಕಮ್ಮಿ ಕಣೆ."

ಅವಳಿಗೆ ನಗು ಬಂತು. ಇಂಥದ್ದನ್ನೆಲ್ಲ ಬರೆದಿಡಿ ಮೇಡಂ, ನಮ್ಮಂಥವರಿಗೆ ಉಪಯೋಗ ಆಗುತ್ತೆ ಎಂದಳು. ಸರಿ ಎಂದು ಕೂತೆ. ಕೂತ ಮೇಲೆ ನೋಡಿದರೆ, ಉಪಯೋಗಕ್ಕೆ ಬರುವಂಥದ್ದು ನನ್ನ ತಲೆಯಲ್ಲಿ ಇದ್ದದ್ದು ಅರ್ಧ ಪುಟದಷ್ಟು. ಉಳಿದದ್ದೆಲ್ಲ ಒಬ್ಬ ಹುಡುಗಿಯ ಅರ್ಜಿಯ ವಿಷಯವೇ. ಹಾಗಾಗಿ ಇದನ್ನು ಓದಿ ಕೆಲಸ ಕಲಿಯುತ್ತೇನೆ ಎಂದು ದೀಪಾ ಅಂದುಕೊಂಡಿದ್ದರೆ ಪಾಪ, ಅವಳಿಗೆ ನಿರಾಸೆಯಾಗುತ್ತದೆ.

ನಮ್ಮದು ಹಲಸೂರಿನ ಹತ್ತಿರದ ಒಂದು ಅನುದಾನಿತ ಪಿಯು ಕಾಲೇಜು. ಎಂಬತ್ತರ ದಶಕದ ಕೊನೆಗೆ ನಾನು ಅಲ್ಲಿಗೆ ಗುಮಾಸ್ತೆಯಾಗಿ ಸೇರಿದಾಗ, ಕೆ.ಆರ್. ಪುರದ ಆಚೆ ನಮ್ಮಪ್ಪ ಇನ್ನೂ ರಾಗಿ ಬೆಳೆಯುತ್ತಿದ್ದರು. ಸೂಪರಿಂಟೆಂಡೆಂಟ್ ಆಗಿ ನಿವೃತ್ತಿಯಾದೆ. ನಡುವೆ ಯಾವಾಗ ಯಾವ ಬಡ್ತಿ ಬಂತು ಎಂಬುದರಿಂದ ಯಾರಿಗೂ ಏನೂ ಆಗಬೇಕಿಲ್ಲ. ನನ್ನ ಬಾಯಿ ಸ್ವಲ್ಪ ಜೋರು ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಕಬ್ಬಿಣದ ಸರಳಿನ ಕಿಟಕಿಯ ಈಚೆ ಕೂತವಳಿಗೆ ಅಷ್ಟು ಬಾಯಿ ಬೇಕು ಎಂದು ನಾನೇ ನನಗೆ ಹೇಳಿಕೊಂಡು ಅದನ್ನು ಚೆನ್ನಾಗಿ ಬೆಳೆಸಿಕೊಂಡೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೂರನೇ ದಿನಕ್ಕೆ ಕಾಲೇಜಿನ ಗೇಟಿನಿಂದ ರಸ್ತೆಯ ತಿರುವಿನವರೆಗೆ ಸಾಲು ನಿಲ್ಲುತ್ತಿತ್ತು. ವಿಮಾನಪುರದ ಫ್ಯಾಕ್ಟರಿ ಕ್ವಾರ್ಟರ್ಸಿನ ಮಕ್ಕಳು, ಶಿವಾಜಿನಗರದ ವ್ಯಾಪಾರದವರ ಮಕ್ಕಳು, ಇಂದಿರಾನಗರದಿಂದ ಕಾರಿನಲ್ಲಿ ಇಳಿಯುವವರು, ರಾಮಮೂರ್ತಿ ನಗರದಿಂದ ಎರಡು ಬಸ್ಸು ಬದಲಿಸಿ ಬರುವವರು, ಎಲ್ಲರೂ ಆ ಒಂದೇ ಕಿಟಕಿಗೆ ಬರಬೇಕು. ಬಂದ ಅರ್ಜಿಯ ಬಲಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಶೇಕಡಾ ಎಷ್ಟು ಎಂದು ಬರೆಯಬೇಕು. ಆಮೇಲೆ ಎಲ್ಲ ಅರ್ಜಿಗಳನ್ನೂ ಮೇಲಿಂದ ಕೆಳಕ್ಕೆ ಜೋಡಿಸಿ, ಹುರಿಯಿಂದ ಕಟ್ಟಿ, ಪಟ್ಟಿ ಟೈಪು ಮಾಡಿಸಿ ನೋಟೀಸ್ ಬೋರ್ಡಿಗೆ ಹಾಕಬೇಕು. ಹದಿನಾರು ವರ್ಷದ ಮಕ್ಕಳ ಭವಿಷ್ಯ ಎಂದು ಪ್ರಿನ್ಸಿಪಾಲರು ಭಾಷಣದಲ್ಲಿ ಹೇಳುತ್ತಿದ್ದರಲ್ಲ, ಆಫೀಸಿನಲ್ಲಿ ಅದು ಕೆಂಪು ಪೆನ್ಸಿಲಿನ ಕೆಲಸ, ಅಷ್ಟೇ.

ನನಗೆ ಕೆಲಸ ಕಲಿಸಿದವರು ಹೆಡ್ ಕ್ಲರ್ಕ್ ಸೆಬಾಸ್ಟಿಯನ್. ದಂಡು ಪ್ರದೇಶದಲ್ಲೇ ಹುಟ್ಟಿ ಬೆಳೆದ ತಮಿಳು ಮನೆಮಾತಿನವರು. ಅವರ ಮೇಜಿನ ಗಾಜಿನ ಕೆಳಗೆ ಅವರೇ ಕೈಯಲ್ಲಿ ಬರೆದ ಒಂದು ಚಾರ್ಟು ಇತ್ತು. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಗೆ ಒಟ್ಟು ಆರುನೂರ ಇಪ್ಪತ್ತೈದು ಅಂಕ. ಮೊದಲನೇ ಭಾಷೆಗೆ ನೂರ ಇಪ್ಪತ್ತೈದು, ಉಳಿದ ಐದು ವಿಷಯಕ್ಕೆ ನೂರು ನೂರು. ಎಡಗಡೆ ಮಗು ಪಡೆದ ಒಟ್ಟು ಅಂಕ, ಎದುರಿಗೆ ಶೇಕಡಾ. ಭಾಗಿಸುವ ಗೋಜೇ ಇಲ್ಲ, ಬೆರಳಿಟ್ಟು ನೋಡಿ ಬರೆದರೆ ಮುಗಿಯಿತು.

ಹೊರ ರಾಜ್ಯದಲ್ಲಿ ಓದಿದವರ ಅಂಕಪಟ್ಟಿ ಹಾಗಲ್ಲ. ತಮಿಳುನಾಡಿನದು ಐನೂರಕ್ಕೆ, ಆಂಧ್ರದ್ದು ಆರುನೂರಕ್ಕೆ. ಆ ಕಟ್ಟನ್ನು ಸೆಬಾಸ್ಟಿಯನ್ ಸಾರ್ ಬೇರೆಯಾಗಿಯೇ ಇಡುತ್ತಿದ್ದರು. ಮಧ್ಯಾಹ್ನ ಟೀ ಕುಡಿದು, ಮೇಜಿನ ಗಾಜಿನ ಮೇಲೆ ಒಂದು ಹಳೆಯ ಪೇಪರ್ ಹಾಸಿ ಚಾರ್ಟನ್ನು ಪೂರ್ತಿ ಮುಚ್ಚಿ, ಆಮೇಲೆ ಆ ಕಟ್ಟು ಬಿಚ್ಚುವುದು. ಒಬ್ಬರು ಅಂಕ ಓದಬೇಕು, ಇನ್ನೊಬ್ಬರು ಕಾಗದದ ಮೇಲೆ ಭಾಗಿಸಬೇಕು. ನನಗೆ ಅದು ನೋಡಿ ನಗು.

"ಸಾರ್, ಚಾರ್ಟೇನು ಎದ್ದು ಬಂದು ಕಚ್ಚುತ್ತಾ?" ಎಂದು ಒಮ್ಮೆ ಕೇಳಿದ್ದೆ.

"ಕಣ್ಣು ಅಭ್ಯಾಸ ಆಗಿರುತ್ತಮ್ಮ ನಾಗರತ್ನ. ಅದು ತಾನಾಗೇ ಅಲ್ಲಿಗೇ ಹೋಗುತ್ತೆ. ಪೊರುಮೈಯಾ ಮಾಡು, ಅವಸರ ಯಾರಿಗಿದೆ?"

ಅವಸರ ನನಗಿತ್ತು. ಅವರು ದಿನಕ್ಕೆ ನೂರು ಅರ್ಜಿ ನೋಡಿದರೆ ನಾನು ಇನ್ನೂರು ನೋಡುತ್ತಿದ್ದೆ. ಅದೇ ಒಂದು ಜಂಬ.

ತಪ್ಪು ನಾನು ಮೊದಲೂ ಮಾಡಿದ್ದೆ. ಅದರಲ್ಲೊಂದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಇಂದಿರಾನಗರದ ಒಬ್ಬ ಹುಡುಗನದು ಐಸಿಎಸ್‌ಇ ಅಂಕಪಟ್ಟಿ. ಐದು ವಿಷಯಕ್ಕೆ ಅಂಕ ಇತ್ತು, ಆರನೆಯದರ ಮುಂದೆ ಬರೀ 'ಎ' ಎಂದಿತ್ತು. ಅದು ಕೈಕೆಲಸದಂಥ ವಿಷಯಕ್ಕೆ ಶಾಲೆಯವರು ಕೊಡುವ ದರ್ಜೆ ಎಂದು ನನಗೇನು ಗೊತ್ತು? ಅಂಕ ಇಲ್ಲ ಎಂದರೆ ಸೊನ್ನೆ ಎಂದು ಹಾಕಿ, ಒಟ್ಟನ್ನು ಆರರಿಂದ ಭಾಗಿಸಿಬಿಟ್ಟೆ! ಎಂಬತ್ತೈದರ ಹುಡುಗ ಎಪ್ಪತ್ತಕ್ಕೆ ಬಂದ. ಅವನ ತಾಯಿ ಪಟ್ಟಿ ನೋಡಿ ಸೀದಾ ಆಫೀಸಿನೊಳಕ್ಕೇ ನುಗ್ಗಿದರು. ಇಂಗ್ಲಿಷಿನಲ್ಲಿ ಅವರು ಬೈದ ಬೈಗುಳದಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಅರ್ಥವಾದ ಅರ್ಧವೇ ಸಾಕಾಗಿತ್ತು. ಸೆಬಾಸ್ಟಿಯನ್ ಸಾರ್ ಮಾರ್ಕ್ಸ್ ಕಾರ್ಡು ತೆಗೆದು ನೋಡಿ, ಹಣೆ ಹಣೆ ಚಚ್ಚಿಕೊಂಡು, ಅಲ್ಲೇ ತಿದ್ದಿ, ಸಂಜೆಯೊಳಗೆ ಹೊಸ ಪಟ್ಟಿ ಹಾಕಿಸಿದರು. "ಎ ಅಂದ್ರೆ ಸೊನ್ನೆನಾ ನಾಗರತ್ನ? ನಿನ್ನನ್ನ ಯಾರಮ್ಮ ಇಸ್ಕೂಲಿಗೆ ಕಳಿಸಿದ್ದು?" ಎಂದು ಆಫೀಸಿನವರೆಲ್ಲ ಒಂದು ವಾರ ಆಡಿಕೊಂಡರು. ಕೂಗಾಡಲು ಬಂದವರ ಅರ್ಜಿಯಲ್ಲಾದ ತಪ್ಪು ಅದೇ ದಿನ ಸರಿಹೋಗುತ್ತದೆ ಎಂಬುದನ್ನು ನಾನು ಆಗ ಗಮನಿಸಲಿಲ್ಲ.

ಸೆಬಾಸ್ಟಿಯನ್ ಸಾರ್ ನಿವೃತ್ತರಾದ ಮೇಲೆ ಆ ಮೇಜು, ಆ ಗಾಜು, ಆ ಚಾರ್ಟು ನನಗೆ ಬಂದವು. ತೊಂಬತ್ತರ ದಶಕದ ಮಧ್ಯದ ಮಾತು. ಅವರ ಹುದ್ದೆ ನನಗೆ ಕಾಯಂ ಆಗಬೇಕಿತ್ತು, ಕಡತ ಇಲಾಖೆಯಲ್ಲಿತ್ತು. ಆ ಜೂನಿನಲ್ಲಿ ಜೊತೆಗಿದ್ದ ಟೈಪಿಸ್ಟ್ ರಜೆಯ ಮೇಲಿದ್ದರು. ಅಂಕ ಓದುವವಳೂ ನಾನೇ, ಬರೆಯುವವಳೂ ನಾನೇ. ಇನ್ನೊಬ್ಬರನ್ನು ಕೊಡಿ ಎಂದು ಕೇಳಬಹುದಿತ್ತು. ಕೇಳಿದರೆ ನನ್ನ ಕೈಲಾಗಲ್ಲ ಅಂದುಕೊಂಡಾರು ಎಂದು ಸುಮ್ಮನಿದ್ದೆ.

ಆ ರಾಶಿಯಲ್ಲಿ ಸುಜಾತ ಎಂಬ ಹುಡುಗಿಯ ಅರ್ಜಿ ಇತ್ತು. ಕುಪ್ಪಂ ಹತ್ತಿರದ ಒಂದು ಹಳ್ಳಿಯಲ್ಲಿ ಹತ್ತನೇ ತರಗತಿ ಮುಗಿಸಿದವಳು. ಅಂದರೆ ಆಂಧ್ರದ ಅಂಕಪಟ್ಟಿ, ಆರುನೂರಕ್ಕೆ. ಆದರೆ ತಾಯಿಯ ಕಡೆಯವರು ಬಂಗಾರಪೇಟೆಯವರು, ಮನೆಯಲ್ಲಿ ಕನ್ನಡ. ಅರ್ಜಿಯನ್ನು ಅವಳು ಮುತ್ತು ಪೋಣಿಸಿದಂಥ ಕನ್ನಡ ಅಕ್ಷರದಲ್ಲಿ ತುಂಬಿದ್ದಳು. ವಿಳಾಸ ರಾಮಮೂರ್ತಿ ನಗರ. ಕನ್ನಡದ ಅರ್ಜಿ, ಬೆಂಗಳೂರಿನ ವಿಳಾಸ ನೋಡಿ ನಾನು ಅದನ್ನು ನಮ್ಮ ರಾಜ್ಯದ ಕಟ್ಟಿಗೆ ಹಾಕಿದೆ. ಒಟ್ಟು ಅಂಕ ನಾನೂರ ಎಂಬತ್ತಾರು. ಬೆರಳು ಚಾರ್ಟಿನ ಮೇಲೆ ಹೋಯಿತು. ಎಪ್ಪತ್ತೇಳು ಮುಕ್ಕಾಲು. ಕೆಂಪು ಪೆನ್ಸಿಲಿನಲ್ಲಿ ಬರೆದು, ಮುಂದಿನ ಅರ್ಜಿ ತೆಗೆದೆ. ಆರುನೂರಕ್ಕೆ ಭಾಗಿಸಿದ್ದರೆ ಎಂಬತ್ತೊಂದು. ವಿಜ್ಞಾನ ವಿಭಾಗದ ಪಟ್ಟಿ ಆ ವರ್ಷ ಎಪ್ಪತ್ತೊಂಬತ್ತಕ್ಕೆ ನಿಂತಿತು.

ಪಟ್ಟಿ ಹಾಕಿದ ದಿನ ಅವಳ ತಂದೆ ಮುನಿಸ್ವಾಮಿ ಕಿಟಕಿಗೆ ಬಂದರು. ಶಾಲೆಯ ವ್ಯಾನು ಓಡಿಸುವವರು, ಖಾಕಿ ಅಂಗಿಯಲ್ಲೇ ಬಂದಿದ್ದರು. ಹಿಂದೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದುಕೊಂಡ ಮಗಳು.

"ಮೇಡಂ, ಒಂದ್ಸಲ ನೋಡ್ತೀರಾ? ನಮ್ಮ ಹುಡುಗಿ ಹೆಸರು ಬಂದಿಲ್ಲ. ಅವಳ ಸ್ಕೂಲಿನ ಹೆಡ್ ಮಾಸ್ಟ್ರು ಎಂಬತ್ತೊಂದು ಪರ್ಸೆಂಟ್ ಅಂತ ಹೇಳಿದ್ರು" ಎಂದು ಕೈಮುಗಿದರು.

ಆ ಹೊತ್ತಿಗೆ ಸಾಲಿನಲ್ಲಿ ಇನ್ನೂ ಐವತ್ತು ಜನ ಇದ್ದರು. ಬೆಳಗಿನಿಂದ ಎಲ್ಲರದ್ದೂ ಇದೇ ಹಾಡು. ನನ್ನ ಮಗಂದು ಅಷ್ಟು ಬಂದಿತ್ತು, ನನ್ನ ಮಗಳದ್ದು ಇಷ್ಟು ಬಂದಿತ್ತು.

"ಹೆಡ್ ಮಾಸ್ಟ್ರು ಹೇಳಿದ್ದೆಲ್ಲ ಇಲ್ಲಿ ನಡಿಯಲ್ಲ ರೀ. ಅವರಿಗೆ ಲೆಕ್ಕ ಬರುತ್ತೋ ಇಲ್ವೋ ನಂಗೇನ್ ಗೊತ್ತು? ಬೋರ್ಡ್ ನೋಡ್ಕೊಳ್ಳಿ. ಮುಂದಿನವರು ಬನ್ನಿ!"

"ಅಲ್ಲ ಮೇಡಂ, ಒಂದೇ ನಿಮಿಷ..."

"ನಿಮಗೊಬ್ಬರಿಗೇ ನಿಮಿಷಾನಾ? ಸರೀರಿ ಆಕಡೆ."

ಹುಡುಗಿ ತಂದೆಯ ತೋಳು ಹಿಡಿದು ಎಳೆದಳು. "ಬಾಪ್ಪ, ಮೇಡಂ ನೋಡಿರ್ತಾರೆ" ಎಂದಳು. ಇಬ್ಬರೂ ಹೋದರು. ನಿಜವಾಗಿಯೂ ಅದಕ್ಕೆ ಒಂದೇ ನಿಮಿಷ ಸಾಕಾಗುತ್ತಿತ್ತು. ಕಟ್ಟು ನನ್ನ ಕಾಲ ಬಳಿಯೇ ಇತ್ತು.

ಆಗಸ್ಟ್ ತಿಂಗಳಲ್ಲಿ ಒಂದು ದಿನ, ಆಗಲೇ ಸೇರಿದ್ದ ಹುಡುಗನೊಬ್ಬನ ಅಂಕಪಟ್ಟಿಯ ಜೆರಾಕ್ಸ್ ಪ್ರತಿ ಕಾಣದೆ, ತಿರಸ್ಕೃತ ಅರ್ಜಿಗಳ ಕಟ್ಟಿನಲ್ಲಿ ಸೇರಿಕೊಂಡಿರಬಹುದೆಂದು ಬಿಚ್ಚಿದೆ. ಒಂದೊಂದೇ ಮಗುಚುವಾಗ ಆ ಮುತ್ತಿನ ಅಕ್ಷರ ಕಣ್ಣಿಗೆ ಬಿತ್ತು. ಎಷ್ಟು ಚೆನ್ನಾಗಿ ಬರೆದಿದ್ದಾಳೆ ಎಂದು ಸುಮ್ಮನೆ ತಿರುಗಿಸಿದೆ. ಹಿಂದಿದ್ದ ಅಂಕಪಟ್ಟಿಯ ಕೆಳಗೆ ಒಟ್ಟು ಆರುನೂರು ಎಂದಿತ್ತು. ಕಾಗದ ತೆಗೆದು ಭಾಗಿಸಿದೆ. ಎಂಬತ್ತೊಂದು. ಇನ್ನೊಮ್ಮೆ ಭಾಗಿಸಿದೆ. ಎಷ್ಟು ಸಲ ಮಾಡಿದರೂ ಎಂಬತ್ತೊಂದೇ. ಆ ಖಾಕಿ ಅಂಗಿಯವರು ಹೇಳಿದ್ದು ಅಕ್ಷರಶಃ ಸರಿ ಇತ್ತು, ನಾನು ಅವರನ್ನು ಸರೀರಿ ಆಕಡೆ ಎಂದಿದ್ದೆ.

ಅರ್ಜಿ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಕೆಟ್ಟವರೇನಲ್ಲ ಅವರು. ಯಾವ ವಿಷಯ ತೆಗೆದುಕೊಂಡು ಹೋದರೂ "ನೋಡೋಣ ಬಿಡಿ" ಎನ್ನುವುದು ಅವರ ಅಭ್ಯಾಸ. ಅವತ್ತು ಮಾತ್ರ ಹಾಗೆನ್ನಲಿಲ್ಲ.

"ಸಾರ್, ಸೈನ್ಸಲ್ಲಿ ಒಂದು ಸೀಟು ಖಾಲಿ ಇದೆ. ಒಬ್ಬ ಟಿಸಿ ತಗೊಂಡು ಹೋದ" ಎಂದೆ.

"ಅಡ್ಮಿಷನ್ ಮುಗಿದಿದೆ ನಾಗರತ್ನ. ಇಲಾಖೆಗೆ ಸ್ಪೆಷಲ್ ಪರ್ಮಿಷನ್ನಿಗೆ ಬರೀಬೇಕು. ಕಾರಣ ಏನು ಅಂತ ಬರೀತೀರಿ?"

ನಾನು ಅರ್ಜಿಯನ್ನು ಮುಂದಿಟ್ಟು ಎರಡು ಲೆಕ್ಕವನ್ನೂ ತೋರಿಸಿದೆ.

"ಇದೊಂದು ಎತ್ತಿದ್ರೆ ಇಡೀ ಲಿಸ್ಟ್ ತೆಗೀರಿ ಅಂತಾರೆ. ನಿಮ್ಮ ಫೈಲು ಬೇರೆ ಅಲ್ಲೇ ಕೂತಿದೆ. ಆ ಹುಡುಗಿ ಇಷ್ಟೊತ್ತಿಗೆ ಎಲ್ಲೋ ಸೇರ್ಕೊಂಡಿರ್ತಾಳೆ. ನೀವು ಹೇಳಿ, ಬರೆಯೋಣ ಅಂದ್ರೆ ಬರೆಯೋಣ."

ತೀರ್ಮಾನವನ್ನು ಅವರು ನನ್ನ ಕೈಗೇ ಕೊಟ್ಟಿದ್ದರು. ಇಷ್ಟು ವರ್ಷ ನಾನು ಪ್ರಿನ್ಸಿಪಾಲರು ಬೇಡವೆಂದರು ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಅದು ಸುಳ್ಳು. 'ಕಾರಣ: ಗುಮಾಸ್ತೆಯ ತಪ್ಪು' ಎಂದು ಒಂದು ಸಾಲು ಬರೆಯುತ್ತೇನೆ ಎಂದಿದ್ದರೆ ಅವರು ಸಹಿ ಹಾಕುತ್ತಿದ್ದರು. ನಾನು "ಬೇಡ ಬಿಡಿ ಸಾರ್" ಎಂದೆ. ಅರ್ಜಿಯನ್ನು ಅದೇ ಕಟ್ಟಿಗೆ ಸೇರಿಸಿ ಹುರಿ ಕಟ್ಟಿದೆ.

ಕಟ್ಟಿದ್ದಷ್ಟೇ, ಮನಸ್ಸು ಬಿಡಬೇಕಲ್ಲ! ಊಟ ರುಚಿಸುತ್ತಿರಲಿಲ್ಲ. ಎರಡು ವಾರ ಒದ್ದಾಡಿ, ಒಂದು ಭಾನುವಾರ ಬೆಳಗ್ಗೆ ವಿಳಾಸ ಬರೆದುಕೊಂಡು ರಾಮಮೂರ್ತಿ ನಗರಕ್ಕೆ ಹೋದೆ. ಹೇಳಿಬಿಡುವುದು, ಸೀಟು ಇನ್ನೂ ಖಾಲಿ ಇದೆ, ಆದದ್ದಾಗಲಿ ಎಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಸಾಲಾಗಿ ಬಾಡಿಗೆ ಮನೆಗಳು, ಮುಂದೆ ನಲ್ಲಿ. ಮುನಿಸ್ವಾಮಿ ವ್ಯಾನು ತೊಳೆಯುತ್ತಿದ್ದರು. ನನ್ನನ್ನು ನೋಡಿ ಬಕೆಟ್ಟು ಅಲ್ಲೇ ಬಿಟ್ಟು ಓಡಿ ಬಂದರು.

"ಅಯ್ಯೋ, ಕಾಲೇಜ್ ಮೇಡಂ! ಬನ್ನಿ ಬನ್ನಿ. ಸುಜಾತಾ, ಯಾರು ಬಂದಿದ್ದಾರೆ ನೋಡಮ್ಮ!"

ಒಳಗೆ ಇದ್ದ ಒಂದೇ ಕುರ್ಚಿಯನ್ನು ಟವೆಲಿನಿಂದ ಒರೆಸಿ ಕೂರಿಸಿದರು. ನಾನು ಬಾಯಿ ತೆರೆಯುವುದರೊಳಗೆ ಅವರೇ ಶುರು ಮಾಡಿದರು.

"ಅವತ್ತು ನಿಮಗೆ ತೊಂದ್ರೆ ಕೊಟ್ಬಿಟ್ಟೆ ಮೇಡಂ. ನೀವು ಹೇಳಿದ್ದು ಸರಿ. ನಮ್ಮ ಹೆಡ್ ಮಾಸ್ಟ್ರಿಗೆ ಲೆಕ್ಕ ಬರಲ್ಲ. ನಾನೂ ಅವನೂ ಒಂದೇ ಬೆಂಚಲ್ಲಿ ಓದ್ದೋರು, ಅವನ ಮಾತು ನಂಬಿಕೊಂಡು ಮಗಳಿಗೆ ಸೈನ್ಸ್ ಸೈನ್ಸ್ ಅಂತ ಆಸೆ ಹುಟ್ಟಿಸ್ಬಿಟ್ಟೆ. ಹೋದ ವಾರ ಊರಿಗೆ ಹೋಗಿ ಎಲ್ಲರ ಮುಂದೇನೇ ಕೇಳ್ದೆ. ಏನಯ್ಯ, ನಿಂಗೆ ಪರ್ಸೆಂಟೇಜ್ ಹಾಕೋಕೂ ಬರಲ್ವಾ, ಬೆಂಗಳೂರಲ್ಲಿ ನನ್ನ ಮಾನ ಕಳೆದ್ಯಲ್ಲ ಅಂತ. ಚೆನ್ನಾಗಿ ಉಗಿದು ಬಂದೆ."

ನನ್ನ ಒಂದು ಮಾತನ್ನು ನಂಬಿ ಅವರು ಬಾಲ್ಯದ ಗೆಳೆಯನನ್ನು ಊರವರ ಮುಂದೆ ಅವಮಾನ ಮಾಡಿ ಬಂದಿದ್ದರು. ಈಗ ನಾನು ಏನೆಂದು ಹೇಳಲಿ? ಸುಜಾತ ಕಾಫಿ ತಂದುಕೊಟ್ಟಳು. ಕೆ.ಆರ್. ಪುರದ ಕಡೆ ಒಂದು ಕಾಲೇಜಿನಲ್ಲಿ ಕಾಮರ್ಸ್ ಸೇರಿದ್ದೇನೆ ಎಂದಳು.

"ಸೈನ್ಸ್ ಬೇಕಿತ್ತೇನಮ್ಮ?" ಎಂದೆ.

"ಬೇಕಿತ್ತು ಮೇಡಂ. ಬರ್ಲಿಲ್ವಲ್ಲ, ಏನ್ಮಾಡೋದು" ಎಂದು ನಕ್ಕಳು.

ಕಾಫಿ ಕುಡಿದೆ. ಇಲ್ಲೇ ನೆಂಟರ ಮನೆಗೆ ಬಂದಿದ್ದೆ, ನೆನಪಾಯಿತು, ಹಾಗೇ ನೋಡಿ ಹೋಗೋಣ ಎಂದು ಬಂದೆ ಎಂದೆ. ಮುನಿಸ್ವಾಮಿ ಬಸ್‌ ಸ್ಟಾಪಿನವರೆಗೆ ಬಂದು ಹತ್ತಿಸಿ ಹೋದರು. ಬಸ್ಸಿನಲ್ಲಿ ಕೂತು ಅತ್ತೆ. ಥೂ, ನನ್ನ ಜನ್ಮಕ್ಕಿಷ್ಟು ಎಂದುಕೊಂಡೆ. ಅತ್ತಿದ್ದರಿಂದ ಯಾರಿಗೂ ಸೀಟು ಸಿಗಲಿಲ್ಲ. ಡಿಸೆಂಬರಿನಲ್ಲಿ ನನ್ನ ಹುದ್ದೆ ಕಾಯಂ ಆಯಿತು, ಆಫೀಸಿನವರಿಗೆ ಮೈಸೂರು ಪಾಕ್ ಹಂಚಿದೆ.

ಆಮೇಲೆ ನಾನು ಬದಲಾದೆ ಎಂದು ಆಫೀಸಿನವರು ಹೇಳುತ್ತಿದ್ದರು. ಮರುವರ್ಷವೇ ಚಾರ್ಟು ತೆಗೆದುಹಾಕಿದೆ. ಯಾರು ಮತ್ತೊಮ್ಮೆ ನೋಡಿ ಎಂದರೂ ಬೈದುಕೊಂಡಾದರೂ ಅರ್ಜಿ ತೆಗೆಯುತ್ತಿದ್ದೆ. ಸಾಲು ಕಾಯಲಿ, ಏನೀಗ? ಒಂದು ವರ್ಷ ಉಪನ್ಯಾಸಕರೆಲ್ಲ ಸೇರಿ, ವಿಜ್ಞಾನಕ್ಕೆ ಲೆಕ್ಕ ಮತ್ತು ವಿಜ್ಞಾನದ ಅಂಕ ಮಾತ್ರ ನೋಡೋಣ, ಭಾಷೆಯ ಅಂಕ ಬಿಡೋಣ ಎಂದು ತೀರ್ಮಾನಿಸಿದರು. ಆ ಜೂನಿನಲ್ಲಿ ಶಿವಾಜಿನಗರದ ಗುಜರಿ ವ್ಯಾಪಾರಿಯೊಬ್ಬರು ಮಗನ ಕಾರ್ಡು ಹಿಡಿದು ಬಂದರು. ಉರ್ದುವಿನಲ್ಲಿ ನೂರ ಇಪ್ಪತ್ತೈದಕ್ಕೆ ನೂರ ಹದಿನೆಂಟು.

"ಉರ್ದು ಕೆ ನಂಬರಾಂ ನಂಬರಾಂ ನೈ ಕ್ಯಾ ಮೇಡಂ?" ಎಂದು ಕೇಳಿ, ನನಗೆ ಅರ್ಥವಾಯಿತೋ ಇಲ್ಲವೋ ಎಂದು ಕನ್ನಡದಲ್ಲೂ ಹೇಳಿದರು: "ಹುಡುಗ ಓದಿದ್ದೇ ಅಲ್ವಾ ಅದೂನೂ? ಸುಮ್ನೆ ಕೊಟ್ಬಿಟ್ರಾ?"

ಅವರನ್ನು ಒಳಗೆ ಕರೆದು ಕೂರಿಸಿದೆ. ಅರ್ಧ ಗಂಟೆ ಹಳೆಯ ಕ್ರಮದಲ್ಲೂ ಹೊಸ ಕ್ರಮದಲ್ಲೂ ಲೆಕ್ಕ ಹಾಕಿ ತೋರಿಸಿದೆ. ಹಳೆಯ ಕ್ರಮದಲ್ಲಿ ಸೀಟು ಇತ್ತು, ಹೊಸದರಲ್ಲಿ ಇಲ್ಲ. ಅವರು ಕಾಗದ ನೋಡಿ, "ಸರಿ ಮೇಡಂ, ತೋರಿಸಿದ್ರಲ್ಲ, ಅಷ್ಟು ಸಾಕು" ಎಂದು ಎದ್ದರು. ಸೀಟು ಕೊಡಲಾಗಲಿಲ್ಲ ಎಂಬ ಬೇಜಾರು ಈಗಲೂ ಇದೆ. ಆದರೆ ಆ ಬೇಜಾರನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಆಮೇಲೆ ಕಂಪ್ಯೂಟರು ಬಂತು. ಅದನ್ನು ಹೊಂದಿಸಲು ಬಂದವರಿಗೆ, ಪ್ರತಿ ಮಗುವಿನ ಹೆಸರಿನ ಮುಂದೆ ಒಟ್ಟು ಎಷ್ಟಕ್ಕೆ ಎಂದು ಕೇಳುವ ಜಾಗ ಇರಲೇಬೇಕು, ಅದು ತುಂಬದೆ ಮುಂದಕ್ಕೆ ಹೋಗಕೂಡದು ಎಂದು ಹಟ ಹಿಡಿದೆ. ಟೈಮ್ ವೇಸ್ಟ್ ಮೇಡಂ ಎಂದರು. ಆಗಲಿ ಎಂದೆ. ನಾನು ಬಿಡುವ ಹೊತ್ತಿಗೆ ಕೇಂದ್ರದ ಬೋರ್ಡಿನವರು ಅಂಕವನ್ನೇ ಬಿಟ್ಟು ಗ್ರೇಡು ಕೊಡಲು ಹೊರಟಿದ್ದರು. ಅದನ್ನು ಒಂಬತ್ತೂವರೆಯಿಂದ ಗುಣಿಸಿ ಶೇಕಡಾ ಮಾಡಿ ಎಂದರು. ನನ್ನ ತಲೆ ಗಿರ್ರೆಂದಿತು. ಪುಣ್ಯಕ್ಕೆ ನಿವೃತ್ತಿಯ ಹಾರ ಬಿತ್ತು.

ನಿವೃತ್ತಿಯಾದ ಮೇಲೆ ಕಮ್ಮನಹಳ್ಳಿಯಲ್ಲಿ ತಂಗಿಯ ಮನೆಯ ಮಹಡಿಗೆ ಬಂದೆ. ಬಿಪಿ ಮಾತ್ರೆಗೆಂದು ಮೇನ್ ರೋಡಿನ ಮೆಡಿಕಲ್ ಶಾಪಿಗೆ ಹೋದಾಗ ಕೌಂಟರಿನಲ್ಲಿದ್ದ ಹೆಂಗಸು ನನ್ನ ಮುಖವನ್ನೇ ನೋಡಿದಳು.

"ನಾಗರತ್ನ ಮೇಡಂ ಅಲ್ವಾ? ನಾನು ಸುಜಾತ. ನೀವು ಒಂದ್ಸಲ ರಾಮಮೂರ್ತಿ ನಗರದಲ್ಲಿ ನಮ್ಮನೆಗೆ ಬಂದಿದ್ರಿ. ಅಪ್ಪ ಸಾಯೋವರೆಗೂ ಎಲ್ಲರ ಹತ್ರ ಹೇಳ್ಕೊಂಡ್ರು, ಕಾಲೇಜ್ ಮೇಡಂ ನಮ್ಮನೇಲಿ ಕಾಫಿ ಕುಡಿದು ಹೋದ್ರು ಅಂತ."

ಮುನಿಸ್ವಾಮಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಅವಳು ಆ ಅಂಗಡಿಗೆ ಸೇರಿ ಒಂಬತ್ತು ವರ್ಷ. ಯಾವ ಡಾಕ್ಟರ ಯಾವ ಗೀಚು ಯಾವ ಔಷಧಿ ಎಂದು ಅವಳಿಗೆ ಬಾಯಿಪಾಠ, ಮಾಲೀಕರೇ ಅವಳನ್ನು ಕೇಳಿ ಕೊಡುತ್ತಿದ್ದರು. ಆದರೆ ಫಾರ್ಮಸಿ ಓದಲು ಪಿಯುಸಿಯಲ್ಲಿ ಸೈನ್ಸ್ ಬೇಕು. ಗೋಡೆಯ ಮೇಲೆ ಚೌಕಟ್ಟು ಹಾಕಿದ್ದ ಫಾರ್ಮಸಿಸ್ಟ್ ಸರ್ಟಿಫಿಕೇಟಿನಲ್ಲಿ ಯಾರದೋ ಹೆಸರಿತ್ತು.

ಮೂರು ತಿಂಗಳು ಮೂರು ಸಲ ಹೋಗಿ ಮಾತ್ರೆ ತೆಗೆದುಕೊಂಡು ಬಂದೆ. ಹೇಳಲು ಬಾಯಿ ಬರಲಿಲ್ಲ. ನಾಲ್ಕನೆಯ ಸಲ ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದ್ದು ನೋಡಿ, ಚಾರ್ಟಿನಿಂದ ಹಿಡಿದು ಪ್ರಿನ್ಸಿಪಾಲರ ಕೋಣೆಯ ತನಕ, ಕಾಫಿ ಕುಡಿದು ಸುಳ್ಳು ಹೇಳಿ ಬಂದ ಭಾನುವಾರದ ತನಕ, ಎಲ್ಲ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟಾಗಿತ್ತು ಮೇಡಂ, ನಿಜವಾಗ್ಲೂ?" ಎಂದಳು.

"ಎಂಬತ್ತೊಂದು."

"ಮಾಸ್ಟ್ರು ಸರಿಯಾಗೇ ಹೇಳಿದ್ರು ಹಾಗಾದ್ರೆ" ಎಂದಳು. ಆಮೇಲೆ ಹೇಳಿದಳು: "ಅವತ್ತಿಂದ ಅಪ್ಪಂಗೂ ಅವರಿಗೂ ಮಾತಿಲ್ಲ. ನನ್ನ ಮದುವೆಗೆ ಅಪ್ಪ ಕರೀಲಿಲ್ಲ. ಅಪ್ಪ ಸತ್ತಾಗ ಅವರು ಬರ್ಲಿಲ್ಲ. ಮಾಸ್ಟ್ರು ಇನ್ನೂ ಇದ್ದಾರೆ ಮೇಡಂ. ಇದನ್ನ ಬರೆದು ಕೊಡ್ತೀರಾ? ನಾನು ತಗೊಂಡು ಹೋಗಿ ಕೊಡ್ತೀನಿ."

ಬರೆದೆ. ಇಪ್ಪತ್ತು ವರ್ಷ ಆಫೀಸಿನ ಪತ್ರ ಬರೆದವಳಿಗೆ ಆ ಆರು ಸಾಲು ಬರೆಯಲು ಎರಡು ದಿನ ಹಿಡಿಯಿತು. ವಿದ್ಯಾರ್ಥಿನಿಯ ಅಂಕ ಆರುನೂರಕ್ಕೆ ನಾನೂರ ಎಂಬತ್ತಾರು, ಶೇಕಡಾ ಎಂಬತ್ತೊಂದು. ಮುಖ್ಯೋಪಾಧ್ಯಾಯರ ಲೆಕ್ಕ ಸರಿಯಾಗಿತ್ತು. ತಪ್ಪು ನನ್ನದು. ಕ್ಷಮಿಸಬೇಕು. ಕೆಳಗೆ ಸಹಿ ಹಾಕಿದೆ. ಅದನ್ನು ಕೊಟ್ಟ ದಿನ ಮನಸ್ಸು ಸ್ವಲ್ಪ ಹಗುರವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಆಯಿತು.

ಮುಂದಿನ ವಾರ ಅಂಗಡಿಗೆ ಹೋದೆ. "ಹೋಗಿದ್ಯೇನಮ್ಮ?" ಎಂದೆ.

"ಹೋಗಿದ್ದೆ ಮೇಡಂ. ಮ್ಯಾಗ್ನಿಫೈಯಿಂಗ್ ಗ್ಲಾಸ್ ಇಟ್ಕೊಂಡು ಎರಡು ಸಲ ಓದಿದ್ರು. ಕಣ್ಣಲ್ಲಿ ನೀರು ಬಂತು. ನಿಮ್ಮ ಮೇಲೆ ಅವರಿಗೇನೂ ಕೋಪ ಇರ್ಲಿಲ್ಲ. ಸಾವಿರ ಮಕ್ಕಳದ್ದು ನೋಡ್ಬೇಕು, ತಪ್ಪು ಆಗುತ್ತಮ್ಮ, ನನಗೂ ಆಗಿದೆ ಅಂದ್ರು."

ನಾನು ಮಾತ್ರೆಯ ಚೀಟಿ ಅವಳ ಮುಂದಿಟ್ಟೆ.

"ಆಮೇಲೆ ಕೇಳಿದ್ರು, ಈಯಮ್ಮನಿಗೆ ಇದು ಯಾವಾಗ ಗೊತ್ತಾಯ್ತಂತೆ ಅಂತ."

"ನೀನೇನಂದೆ?"

"ಅದೇ ವರ್ಷ ಆಗಸ್ಟಲ್ಲೇ ಅಂದೆ ಮೇಡಂ. ಸುಳ್ಳು ಹೇಳೋಕೆ ಮನಸ್ಸಾಗ್ಲಿಲ್ಲ." ಅವಳು ತಲೆ ತಗ್ಗಿಸಿ ಮಾತ್ರೆಯ ಸ್ಟ್ರಿಪ್ಪು ಕತ್ತರಿಸುತ್ತಿದ್ದಳು. "ಅವರು ಕಾಗದ ಮಡಚಿ ನನ್ನ ಕೈಗೇ ಕೊಟ್ಬಿಟ್ರು. ಇದು ನಿಮ್ಮಪ್ಪನ ಕೈಗೆ ಬರಬೇಕಾಗಿದ್ದ ಕಾಗದ, ನಾನಿಟ್ಕೊಂಡು ಏನ್ಮಾಡ್ಲಿ ಅಂದ್ರು."

ಆ ಕಾಗದವನ್ನು ಅವಳು ನನಗೆ ವಾಪಸು ಕೊಡಲಿಲ್ಲ. ನಾನೂ ಕೇಳಲಿಲ್ಲ.